ಬ್ಯಾಕಪ್ ಫೈಲ್ ಐತಿ, ಡೇಟಾ ಒಳಗ ಬರವಲ್ದು

ಈ ಸಲ ಬಂದ ಪತ್ರದಾಗ ನಾಲ್ಕು ಒಂದೇ ತಾಪತ್ರಯದ ಸುತ್ತ ಅದಾವ, ಡೇಟಾಬೇಸ್‌ದ ಬ್ಯಾಕಪ್ ತಗದಿಟ್ಟಾರ, ಅದನ್ನ ಹೊಸಾ ಕಡೆ ಇಂಪೋರ್ಟ್ ಮಾಡಾಕ ಹೋದ್ರ ನಡುವ ಎಲ್ಲೋ ಸಿಕ್ಕೊಂಡಾರ. ಹಂಗಾಗಿ ಬ್ಯಾರೆ ಪ್ರಶ್ನೆ ಎಲ್ಲಾ ಮುಂದಿನ ಸಂಚಿಕೆಗೆ ಇಟ್ಟು ಇವತ್ತು ಇದನ್ನ ಪೂರಾ ನೋಡೂಣು. ಕಮಾಂಡ್‌ಗಳನ್ನ ನಾನು ಫೋನ್‌ನ್ಯಾಗ ಹೇಳ್ದಂಗ ಬರದೀನಿ, ನೀವು ಕಂಪ್ಯೂಟರ್‌ನ್ಯಾಗ ಇಂಗ್ಲಿಷ್ ಸಣ್ಣ ಅಕ್ಷರದಾಗ ಹೊಡೀರಿ.

ಪ್ರಶ್ನೆ: ಸರ, ನಮ್ದು ಗಂಗಾವತಿ. ನಾನು ಒಂದು ರೈಸ್ ಮಿಲ್‌ನ್ಯಾಗ ಲೆಕ್ಕ ಬರೀತೀನಿ. ಭತ್ತದ ಲಾರಿ ಬಂತಂದ್ರ ವೇಬ್ರಿಜ್ ತೂಕ, ಗೇಟ್‌ಪಾಸ್, ರೈತರ ಬಿಲ್ ಎಲ್ಲಾ ಒಂದು ಸಾಫ್ಟ್‌ವೇರ್‌ನ್ಯಾಗ ಹೋಗ್ತೈತಿ, ನಮ್ಮೂರ ಹುಡುಗ ಮಾಡಿಕೊಟ್ಟಿದ್ದ, ಈಗ ಅಂವ ಬೆಂಗಳೂರಿಗೆ ಹೋಗ್ಯಾನ. ಹಳೆ ಕಂಪ್ಯೂಟರ್ ಕಟಕಟ ಸಪ್ಪಳ ಮಾಡಾಕತ್ತೈತಿ ಅಂತ ಹೊಸಾ ಲ್ಯಾಪ್‌ಟಾಪ್ ತಂದು ಝಾಂಪ್ (ಡೇಟಾಬೇಸ್ ನಡಸೋ ಮೈಎಸ್‌ಕ್ಯುಎಲ್ ಮತ್ತ ಅದರ ಜೊತಿ ಸಾಮಾನು ಒಟ್ಟಿಗೆ ಇರೋ ಪ್ಯಾಕೇಜ್) ಹಾಕಿದ್ವಿ. ಹಳೇದ್ರಾಗ ಪಿಎಚ್‌ಪಿಮೈಅಡ್ಮಿನ್‌ನಿಂದ ಎಕ್ಸ್‌ಪೋರ್ಟ್ ಕೊಟ್ಟೆ, 186 ಎಂಬಿ ಫೈಲ್ ಬಂತು. ಹೊಸಾದ್ರಾಗ ಇಂಪೋರ್ಟ್ ಕೊಟ್ರ ಫೈಲ್ ದೊಡ್ಡದಾತು ಅಂತು. ಜಿಪ್ ಮಾಡಿ ಕೊಟ್ಟೆ, ತೊಗೊಂತು, ಐದು ನಿಮಿಷ ಓಡಿ ನಿಂತು. ಪೇಜ್ ರಿಫ್ರೆಶ್ ಮಾಡಿ ಮತ್ತ ಕೊಟ್ರ ಟೇಬಲ್ ಆಗ್ಲೇ ಐತಿ ಅಂತೈತಿ. ಒಳಗ ನೋಡಿದ್ರ ಬಿಲ್ ಅದಾವ, ರೈತರ ಹೆಸರು ಅದಾವ, ತೂಕದ ಟೇಬಲ್ ಇಲ್ಲ. ಹೊಸಾ ಬಿಲ್ ಹೊಡದ್ರ ನಂಬರ್ 0 ಅಂತ ಬರ್ತೈತಿ. ಕೊಯ್ಲು ಸುರು ಆಗೂಕ ಹದಿನೈದು ದಿನ ಐತ್ರಿ. ಸಾಹುಕಾರ್ರಿಗೆ ಏನಂತ ಹೇಳ್ಲಿ?

ಉತ್ತರ: ಸಾಹುಕಾರ್ರಿಗೆ ಹೇಳ್ರಿ, ಡೇಟಾ ಹೋಗಿಲ್ಲ, ಹಳೆ ಡಿಸ್ಕ್‌ನ್ಯಾಗ ಇನ್ನೂ ಐತಿ, ಅರ್ಧ ದಾರಿಗೆ ನಿಂತಿರೋದು ಇಂಪೋರ್ಟ್ ಅಷ್ಟ ಅಂತ. ಆದ್ರ ಆ ಹಳೆ ಕಂಪ್ಯೂಟರನ್ನ ಯಾರಿಗೂ ಕೊಡಬ್ಯಾಡ್ರಿ, ಫಾರ್ಮ್ಯಾಟ್ ಮಾಡಸಬ್ಯಾಡ್ರಿ, ಸುಮ್ನ ಚಾಲೂನೂ ಇಡಬ್ಯಾಡ್ರಿ. ಕಟಕಟ ಅನ್ನೋ ಹಾರ್ಡ್ ಡಿಸ್ಕ್ ಯಾವತ್ತು ಕೈ ಕೊಡ್ತೈತಿ ಹೇಳಾಕ ಬರಂಗಿಲ್ಲ, ಕೆಲಸ ಇದ್ದಾಗಷ್ಟ ಹಚ್ಚಿ ಮುಗದ ಮ್ಯಾಲೆ ಆರಿಸ್ರಿ. ಪೆನ್‌ಡ್ರೈವ್‌ನ್ಯಾಗಿನ ಫೈಲನ್ನ ಇನ್ನೊಂದು ಕಡೆಗೂ ಕಾಪಿ ಮಾಡಿಡ್ರಿ, ಮುಂದ ನಾವು ಏನ ಮಾಡಿದ್ರೂ ಆ ಕಾಪಿ ಮ್ಯಾಲೆ ಮಾಡೂಣು.

ಈಗ ಏನಾಗೈತಿ ಅಂತ ತಿಳ್ಕೊರಿ. ಎಕ್ಸ್‌ಪೋರ್ಟ್‌ನಿಂದ ಬಂದ ಆ ಎಸ್‌ಕ್ಯುಎಲ್ ಫೈಲ್ ಒಳಗ ಇರೋದು ಬರೇ ಬರಹ. ಈ ಟೇಬಲ್ ಕಟ್ಟು, ಅದರಾಗ ಈ ಸಾಲು ಹಾಕು, ಮುಂದಿನ ಟೇಬಲ್ ಕಟ್ಟು, ಹಿಂಗ ಒಂದರ ಹಿಂದ ಒಂದು ಹುಕುಂ ಇರ್ತಾವ, ಇಂಪೋರ್ಟ್ ಅಂದ್ರ ಡೇಟಾಬೇಸ್ ಅದನ್ನ ಮ್ಯಾಲಿಂದ ಕೆಳಗ ಓದಿಕೋಂತ ಹೇಳ್ದಂಗ ಮಾಡ್ಕೋಂತ ಹೋಗೋದು. ಪಿಎಚ್‌ಪಿಮೈಅಡ್ಮಿನ್ ಬ್ರೌಸರ್‌ನ್ಯಾಗ ನಡಿಯೋ ಸಾಮಾನು, ಅದಕ್ಕ ಎರಡು ಕಟ್ಟುಪಾಡು ಅದಾವ. ಒಂದು, ಎಷ್ಟು ದೊಡ್ಡ ಫೈಲ್ ಅಪ್‌ಲೋಡ್ ಮಾಡಬೋದು ಅನ್ನೋದು, ಅದನ್ನ ಹಿಂದಿಂದ ನಡಸೋ ಪಿಎಚ್‌ಪಿ ಅನ್ನೋ ಭಾಷೆಯ ಸೆಟ್ಟಿಂಗ್ ನಿರ್ಧಾರ ಮಾಡ್ತೈತಿ, ಪಿಎಚ್‌ಪಿ ತನ್ನಷ್ಟಕ್ಕ ಇಟ್ಟಿರೋದು 2 ಎಂಬಿ, ಕೆಲವು ಪ್ಯಾಕೇಜ್‌ನ್ಯಾಗ ಜಾಸ್ತಿ ಮಾಡಿರ್ತಾರ, ಹೆಂಗ ನೋಡಿದ್ರೂ ನಿಮ್ಮ 186 ಎಂಬಿ ಹೋಗೂದಲ್ಲ. ಎರಡನೇದು ಟೈಮು, 300 ಸೆಕೆಂಡ್. ನೀವು ಜಿಪ್ ಮಾಡಿ ಮೊದಲನೇದನ್ನ ದಾಟಿದ್ರಿ, ಎರಡನೇದ್ರಾಗ ಸಿಕ್ಕೊಂಡ್ರಿ, ಆ ಐದು ನಿಮಿಷ ಅಂದ್ರ ಅದ.

ತೂಕದ ಟೇಬಲ್ ಮಾತ್ರ ಯಾಕ ಇಲ್ಲ ಅಂದ್ರ, ಪಿಎಚ್‌ಪಿಮೈಅಡ್ಮಿನ್ ಟೇಬಲ್‌ಗಳನ್ನ ಇಂಗ್ಲಿಷ್ ಅಕ್ಷರದ ಸಾಲಿನ ಪ್ರಕಾರ ಬರಕೋಂತ ಹೋಗ್ತೈತಿ. ಬಿಲ್ ಮೊದ್ಲ ಬರ್ತೈತಿ, ಫಾರ್ಮರ್ ಆಮ್ಯಾಲೆ, ನಿಮ್ಮ ಹುಡುಗ ತೂಕಕ್ಕ ವೇಮೆಂಟ್ ಅಂತ ಡಬ್ಲ್ಯು ಅಕ್ಷರದ ಹೆಸರು ಇಟ್ಟಿದ್ರ ಅದು ಕಟ್ಟಕಡೀಕ ಬರ್ತೈತಿ. ಇನ್ನ ಬಿಲ್ ನಂಬರ್ 0 ಬರೋದು ಇದಕ್ಕಿಂತ ದೊಡ್ಡ ಸುಳಿವು. ಪಿಎಚ್‌ಪಿಮೈಅಡ್ಮಿನ್ ಫೈಲ್‌ನ್ಯಾಗ ಒಂದೇ ನಂಬರ್ ಎರಡು ಸಲ ಬರದಂಗ ತಡಿಯೋ ಪ್ರೈಮರಿ ಕೀ, ಮುಂದಿನ ನಂಬರ್ ತಾನೇ ಕೊಡೋ ಆಟೋ ಇನ್‌ಕ್ರಿಮೆಂಟ್, ಒಂದು ಟೇಬಲ್‌ಗೂ ಇನ್ನೊಂದಕ್ಕೂ ಇರೋ ಸಂಬಂಧ, ಇವೆಲ್ಲಾ ಹುಕುಂ ಎಲ್ಲಾ ಟೇಬಲ್‌ದ ಡೇಟಾ ಮುಗದ ಮ್ಯಾಲೆ ಫೈಲ್‌ದ ಕೊನೀಗೆ ಇರ್ತಾವ. ನಿಮ್ದು ಅಲ್ಲೀತನಕ ಮುಟ್ಟೇ ಇಲ್ಲ. ಅಂದ್ರ ಬಿಲ್ ಟೇಬಲ್ ಕಣ್ಣಿಗೆ ಪೂರಾ ಕಂಡ್ರೂ ಅದಕ್ಕ ಮುಂದಿನ ನಂಬರ್ ಯಾವ್ದು ಅಂತ ಗೊತ್ತಿಲ್ಲ, ಒಂದೇ ನಂಬರ್ ಎರಡು ಸಲ ಬಂದ್ರ ತಡಿಯೋರೂ ಇಲ್ಲ. ಹಂಗಾಗಿ ಇದ್ದದ್ರಾಗ ತೂಕದ ಟೇಬಲ್ ಒಂದು ಸೇರ್ಸಿ ನಡಸೂಣು ಅನ್ನೋ ವಿಚಾರ ಬಿಟ್ಟುಬಿಡ್ರಿ. ಅರ್ಧ ಆಗಿರೋ ಡೇಟಾಬೇಸ್‌ನ ಪೂರಾ ಅಳಿಸಿ ಮೊದಲಿಂದ ಸುರು ಮಾಡೋದು ಛಲೋ.

ಸುರು ಮಾಡೂಕ ಮುಂಚೆ ಫೈಲ್‌ದ ಬಾಲ ನೋಡ್ರಿ, ಎಕ್ಸ್‌ಪೋರ್ಟ್ ಮಾಡುವಾಗೂ ಅದೇ 300 ಸೆಕೆಂಡ್‌ದ ಕಟ್ಟು ಇರ್ತೈತಿ, ಫೈಲೇ ಅರ್ಧಕ್ಕ ತುಂಡಾಗಿದ್ರ ನೀವು ಎಷ್ಟು ಸಲ ಇಂಪೋರ್ಟ್ ಮಾಡಿದ್ರೂ ಅಷ್ಟ. ಇಷ್ಟು ದೊಡ್ಡ ಫೈಲನ್ನ ನೋಟ್‌ಪ್ಯಾಡ್‌ನ್ಯಾಗ ತಗೀಬ್ಯಾಡ್ರಿ, ಸಿಸ್ಟಮ್ ಹ್ಯಾಂಗ್ ಆಗ್ತೈತಿ. ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಇದ್ರ ಅದರಾಗ ತಗದು ಕಂಟ್ರೋಲ್ ಹಿಡದು ಎಂಡ್ ಒತ್ತ್ರಿ. ಕೊನೀ ಸಾಲುಗಳಾಗ ಆಲ್ಟರ್ ಟೇಬಲ್, ಆಟೋ ಇನ್‌ಕ್ರಿಮೆಂಟ್, ಆಮ್ಯಾಲೆ ಕಮಿಟ್ ಅನ್ನೋ ಪದ ಕಂಡ್ವು ಅಂದ್ರ ಫೈಲ್ ಪೂರಾ ಐತಿ. ರೈತನ ಹೆಸರಿನ ನಡುವ ತಟಕ್ಕನ ನಿಂತಿತ್ತಂದ್ರ ಹಳೆ ಮಷೀನ್‌ಗೆ ಹೋಗಿ ಮೈಎಸ್‌ಕ್ಯುಎಲ್‌ಡಂಪ್ ಅನ್ನೋ ಕಮಾಂಡ್‌ನಿಂದ ಮತ್ತ ತಗೀರಿ, ಅದಕ್ಕ ಬ್ರೌಸರ್‌ದ ಹಂಗಿಲ್ಲ, ಮತ್ತ ಅದು ಮುಗದ ಮ್ಯಾಲೆ ಕಟ್ಟಕಡೀ ಸಾಲಿನ್ಯಾಗ ಡಂಪ್ ಕಂಪ್ಲೀಟೆಡ್ ಅಂತ ತಾರೀಖು ಸಮೇತ ತಾನೇ ಬರೀತೈತಿ. ಆ ಸಾಲು ಇದ್ರ ಪೂರಾ, ಇಲ್ಲಂದ್ರ ಅಪೂರ್ಣ, ಇಷ್ಟು ಸರಳ ಐತಿ.

ಫೈಲ್ ನೋಡುವಾಗ ಸ್ಲ್ಯಾಶ್, ನಕ್ಷತ್ರ, ಆಶ್ಚರ್ಯಸೂಚಕ, 40101 ಅಂತ ಸುರು ಆಗೋ ಸಾಲು ಕಾಣ್ತಾವ. ಕಾಮೆಂಟ್ ಅಂತ ತಿಳ್ಕೊಂಡು ಅಳಿಸೋರು ಭಾಳ ಮಂದಿ ಅದಾರ, ಅಳಿಸಬ್ಯಾಡ್ರಿ. ಆ ನಂಬರ್ ಅಂದ್ರ 4.1.1 ಮತ್ತ ಅದಕ್ಕಿಂತ ಮುಂದಿನ ವರ್ಷನ್ ಇದ್ರ ಇದನ್ನ ನಡಸು ಅನ್ನೋ ಹುಕುಂ, ಕನ್ನಡ ಅಕ್ಷರ ಸರಿಯಾಗಿ ಬರೋ ಸೆಟ್ಟಿಂಗ್ ಇರೋದೂ ಅಲ್ಲೇ.

ಈಗ ಕೆಲಸ. ಹೊಸಾ ಲ್ಯಾಪ್‌ಟಾಪ್‌ನ್ಯಾಗ ಒಂದು ಖಾಲಿ ಡೇಟಾಬೇಸ್ ಕಟ್ಟ್ರಿ, ಹೆಸರು ಮಿಲ್‌ಟೆಸ್ಟ್ ಅಂತ ಇಡ್ರಿ. ಮಾಡೂದು ಮರತ್ರ ಅನ್‌ನೋನ್ ಡೇಟಾಬೇಸ್ ಅಂತ ಬರ್ತೈತಿ. ಆಮ್ಯಾಲೆ ಸ್ಟಾರ್ಟ್‌ನ್ಯಾಗ ಸಿಎಂಡಿ ಅಂತ ಹೊಡದು ಕಪ್ಪು ಕಿಟಕಿ ತಗೀರಿ, ನೀಲಿ ಬಣ್ಣದ ಪವರ್‌ಶೆಲ್ ಬ್ಯಾಡ, ಅದರಾಗ ನಮಗ ಬೇಕಾದ ಗುರುತು ನಡಿಯಂಗಿಲ್ಲ. ಝಾಂಪ್ ಫೋಲ್ಡರ್ ಒಳಗ ಮೈಎಸ್‌ಕ್ಯುಎಲ್, ಅದರೊಳಗ ಬಿನ್, ಅಲ್ಲಿಗೆ ಹೋಗ್ರಿ. ಮೈಎಸ್‌ಕ್ಯುಎಲ್ ಅಂತ ಹೊಡೀರಿ, ಸ್ಪೇಸ್, ಹೈಫನ್ ಯು, ಸ್ಪೇಸ್, ರೂಟ್, ಸ್ಪೇಸ್, ಹೈಫನ್ ಪಿ, ಸ್ಪೇಸ್, ಮಿಲ್‌ಟೆಸ್ಟ್, ಸ್ಪೇಸ್, ಆಮ್ಯಾಲೆ ಶಿಫ್ಟ್ ಹಿಡದು ಕಾಮಾ ಒತ್ತಿದ್ರ ಬರೋ ಬಾಣದ ಗುರುತು, ಸ್ಪೇಸ್, ಫೈಲ್ ಇರೋ ಜಾಗ ಮತ್ತ ಹೆಸರು. ಎಂಟರ್ ಹೊಡದ ಮ್ಯಾಲೆ ಪಾಸ್‌ವರ್ಡ್ ಕೇಳ್ತೈತಿ, ಝಾಂಪ್‌ನ್ಯಾಗ ನೀವು ಬದಲಿ ಮಾಡಿಲ್ಲಂದ್ರ ಖಾಲಿನೇ ಇರ್ತೈತಿ, ಬರೇ ಎಂಟರ್ ಹೊಡೀರಿ.

ಆ ಬಾಣದ ಬಗ್ಗೆ ಕೈ ಮುಗದು ಹೇಳ್ತೀನಿ, ಕಾಮಾದ ಬದ್ಲಿ ಪಕ್ಕದಾಗಿನ ಫುಲ್‌ಸ್ಟಾಪ್ ಕೀ ಒತ್ತಿ ಬಲಕ್ಕ ತಿರುಗಿದ ಬಾಣ ಹಾಕಿದ್ರಿ ಅಂದ್ರ ನಿಮ್ಮ ಬ್ಯಾಕಪ್ ಫೈಲ್ ಆ ಕ್ಷಣಕ್ಕ ಖಾಲಿ ಆಗ್ತೈತಿ. ಡೇಟಾಬೇಸ್‌ಗೆ ಫೈಲ್ ಹಾಕೂ ಬದ್ಲಿ ಫೈಲ್ ಮ್ಯಾಲೆ ಬರಿ ಅಂತ ಹೇಳ್ದಂಗ ಆತು ಅದು. ಇನ್ನೊಂದು ಕಾಪಿ ಮಾಡ್ರಿ ಅಂತ ಮೊದ್ಲ ಹೇಳಿದ್ದು ಇದಕ್ಕ.

ಓಡಾಕತ್ತಿದ ಮ್ಯಾಲೆ ಪರದೆ ಮ್ಯಾಲೆ ಏನೂ ಕಾಣಂಗಿಲ್ಲ, ಕರ್ಸರ್ ಮಿಣಮಿಣ ಅಂತಿರ್ತೈತಿ ಅಷ್ಟ. ನಿಂತೈತಿ ಅಂತ ತಿಳ್ಕೊಂಡು ಕಿಟಕಿ ಮುಚ್ಚಬ್ಯಾಡ್ರಿ. ಮುಗದಾಗ ಆತು ಅಂತನೂ ಹೇಳಂಗಿಲ್ಲ, ಸುಮ್ನ ಹೊಸಾ ಸಾಲಿಗೆ ಬರ್ತೈತಿ. ಎರರ್ ಬಂದ್ರ ಮಾತ್ರ ಫೈಲ್‌ದ ಎಷ್ಟನೇ ಸಾಲಿನ್ಯಾಗ ಅಂತ ನಂಬರ್ ಸಮೇತ ಹೇಳಿ ಅಲ್ಲೇ ನಿಲ್ತೈತಿ. ಕೆಲವರು ಮೈಎಸ್‌ಕ್ಯುಎಲ್ ಒಳಗ ಹೋಗಿ ಸೋರ್ಸ್ ಅನ್ನೋ ಕಮಾಂಡ್ ಕೊಡ್ತಾರ, ಅದೂ ನಡೀತೈತಿ, ಆದ್ರ ಅದು ಎರರ್ ಬಂದ್ರೂ ನಿಲ್ಲದ ಮುಂದ ಓಡ್ತೈತಿ, ನೂರಾರು ಸಾಲು ಸರ್ರನ ಮ್ಯಾಲೆ ಹೋದ ಮ್ಯಾಲೆ ಎಲ್ಲಿ ತಪ್ಪಾತು ಯಾರು ಹುಡುಕ್ಬೇಕು. ನನಗ ಬಾಣದ ದಾರಿನೇ ನಂಬಿಗಸ್ತ ಅನಸ್ತೈತಿ. ಸರ್ವರ್ ಹ್ಯಾಸ್ ಗಾನ್ ಅವೇ ಅಂತ ಬಂದ್ರ ಮೈಎಸ್‌ಕ್ಯುಎಲ್‌ದ ಸೆಟ್ಟಿಂಗ್ ಇರೋ ಮೈ ಡಾಟ್ ಐಎನ್‌ಐ ಫೈಲ್‌ನ್ಯಾಗ ಮ್ಯಾಕ್ಸ್ ಅಲೌಡ್ ಪ್ಯಾಕೆಟ್ ಅನ್ನೋದನ್ನ 64ಎಂ ಮಾಡಿ ಮೈಎಸ್‌ಕ್ಯುಎಲ್ ಬಂದ್ ಮಾಡಿ ಚಾಲೂ ಮಾಡ್ರಿ. ನಡುವ ಏನರ ಆಗಿ ನಿಂತ್ರ ರಿಪೇರಿಗೆ ಕೂಡಬ್ಯಾಡ್ರಿ, ಮಿಲ್‌ಟೆಸ್ಟ್ ತಗದು ಮತ್ತ ಕಟ್ಟಿ ಮತ್ತ ಓಡಿಸ್ರಿ.

ಬಂತು ಅಂತ ಆದ ಮ್ಯಾಲೆ ಎಣಸಬೇಕು. ಪಿಎಚ್‌ಪಿಮೈಅಡ್ಮಿನ್‌ನ್ಯಾಗ ಟೇಬಲ್ ಮುಂದ ಕಾಣೋ ಸಾಲಿನ ಸಂಖ್ಯೆ ನಂಬಬ್ಯಾಡ್ರಿ, ಇನ್ನೋಡಿಬಿ ಅನ್ನೋ ನಮೂನಿ ಟೇಬಲ್‌ಗೆ ಅದು ಅಂದಾಜು ತೋರಸ್ತೈತಿ, ಸಂಖ್ಯೆಯ ಎಡಕ್ಕ ಅಲೆ ಅಲೆ ಗುರುತು ಇರ್ತೈತಿ ನೋಡ್ರಿ. ಸೆಲೆಕ್ಟ್ ಕೌಂಟ್ ಅಂತ ಕೇಳಿ ಹಳೇದ್ರಾಗ ಎಷ್ಟು, ಹೊಸಾದ್ರಾಗ ಎಷ್ಟು ಅಂತ ಒಂದೊಂದು ಟೇಬಲ್‌ಗೂ ಕಾಗದದ ಮ್ಯಾಲೆ ಬರಕೊರಿ. ಬಿಲ್ ಮೊತ್ತದ ಒಟ್ಟು ಕೂಡಿಸಿ ಎರಡೂ ಕಡೆ ತಾಳೆ ನೋಡ್ರಿ. ಆಮ್ಯಾಲೆ ನಿಮ್ಮ ಗಲ್ಲೆಪೆಟ್ಟಿಗಿಯಾಗಿನ ಕೊನೀ ದಿನದ ತೂಕದ ಚೀಟಿ ತಗದು ಲಾರಿ ನಂಬರ್, 75 ಕೆಜಿ ಚೀಲ ಎಷ್ಟು, ದರ ಎಷ್ಟು, ಅದ ಬಿಲ್ ಹೊಸಾ ಲ್ಯಾಪ್‌ಟಾಪ್‌ನ್ಯಾಗ ತಗದು ಚೀಟಿ ಪಕ್ಕಕ್ಕ ಇಟ್ಟು ಓದ್ರಿ. ಸರಿ ಇತ್ತಂದ್ರ ಒಂದು ಸುಳ್ಳ ಬಿಲ್ ಹೊಡದು ನಂಬರ್ ಸಾಲಿಗೆ ಸರಿಯಾಗಿ ಬರ್ತೈತೋ ನೋಡ್ರಿ. ಇಷ್ಟೆಲ್ಲಾ ಆದ ಮ್ಯಾಲೆ ಒಂದು ಸಂಜಿ ಗೊತ್ತು ಮಾಡ್ಕೊಂಡು ಹಳೇದ್ರಾಗ ಬಿಲ್ ಹೊಡಿಯೋದು ನಿಲ್ಲಿಸಿ, ಹೊಸಾದಾಗಿ ಎಕ್ಸ್‌ಪೋರ್ಟ್ ತಗದು ಖರೇ ಹೆಸರಿನ ಡೇಟಾಬೇಸ್‌ಗೆ ಹಾಕ್ರಿ, ಯಾಕಂದ್ರ ಎಕ್ಸ್‌ಪೋರ್ಟ್ ಆದ ಮ್ಯಾಲೆ ಹಳೇದ್ರಾಗ ಒಂದು ಬಿಲ್ ಹೊಡದ್ರೂ ಅದು ಈ ಫೈಲ್‌ನ್ಯಾಗ ಇರಂಗಿಲ್ಲ.

ಖಾಲಿ ಡೇಟಾಬೇಸ್ ಅಂತ ನಾನು ಇಷ್ಟು ಹಟ ಮಾಡೋದಕ್ಕ ಕಾರಣ ಐತಿ. ಮೈಎಸ್‌ಕ್ಯುಎಲ್‌ಡಂಪ್ ಫೈಲ್‌ನ್ಯಾಗ ಪ್ರತಿ ಟೇಬಲ್ ಮುಂದ ಡ್ರಾಪ್ ಟೇಬಲ್ ಇಫ್ ಎಕ್ಸಿಸ್ಟ್ಸ್ ಅಂತ ತಾನೇ ಇರ್ತೈತಿ, ಅದನ್ನ ನಡಿಯೋ ಡೇಟಾಬೇಸ್ ಮ್ಯಾಲೆ ಓಡಿಸಿದ್ರ ಇವತ್ತಿನ ಟೇಬಲ್ ಕಿತ್ತು ಒಗದು ಬ್ಯಾಕಪ್ ದಿನದ್ದನ್ನ ಇಡ್ತೈತಿ. ಹೋದ ತಿಂಗಳ ಫೈಲ್ ಇದ್ರ ಈ ತಿಂಗಳ ಲೆಕ್ಕ ಹೋತು.

ಇನ್ನೊಂದು ನನ್ನ ಕಣ್ಣಿಂದ ನೋಡಿದ್ದು. ಕೊಪ್ಪಳ ತಾಲೂಕಿನ ಒಂದು ಸಣ್ಣ ಸಂಘದ ಕಂಪ್ಯೂಟರ್ ಕೆಲಸ ಕೆಲವು ವರ್ಷ ನಾನ ನೋಡ್ಕೋತಿದ್ದೆ. ದಿನಾ ಸಂಜಿ ತಾನಾಗೇ ಬ್ಯಾಕಪ್ ಆಗೋ ಹಂಗ ಮಾಡಿದ್ದೆ, ತಾರೀಖು ಹಾಕಿದ ಫೈಲ್ ದಿನಾ ಸಾಲಾಗಿ ಕೂಡ್ತಿದ್ವು, ನೋಡಿದ್ರ ಸಮಾಧಾನ ಅನಸ್ತಿತ್ತು. ನಡುವ ಒಂದು ದಿನ ಡೇಟಾಬೇಸ್ ಪಾಸ್‌ವರ್ಡ್ ಬದಲಿ ಆತು, ಬ್ಯಾಕಪ್ ಕಮಾಂಡ್‌ನ್ಯಾಗ ಹಳೇದ ಉಳೀತು. ಪಾಸ್‌ವರ್ಡ್ ತಪ್ಪಾದ್ರೂ ಬಾಣದ ಗುರುತು ಫೈಲ್ ಕಟ್ಟೇ ಕಟ್ತೈತಿ, ಒಳಗ ಏನೂ ಇರಂಗಿಲ್ಲ. ಡಿಸ್ಕ್ ಹೋದ ದಿನ ಫೋಲ್ಡರ್ ತಗದು ಸೈಜ್ ನೋಡಿದ್ರ 0 ಕೆಬಿ, 0 ಕೆಬಿ, 0 ಕೆಬಿ, ನಾಲ್ಕು ತಿಂಗಳದ್ದು. ಸಂಘದ ಇಬ್ಬರು ಗುಮಾಸ್ತರು ರಸೀದಿ ಪುಸ್ತಕ ಹಚ್ಚಿಕೊಂಡು ಒಂದೂವರಿ ತಿಂಗಳ ಕುಂತು ಟೈಪ್ ಮಾಡಿದ್ರು, ಅದರಾಗ ಒಬ್ಬಾಕಿ ಬಸುರಿ ಇದ್ದಳು. ಅದು ನನ್ನ ಮನಸಿನಿಂದ ಹೋಗಿಲ್ಲ. ನಮ್ಮ ಕಡೆ ಮಾಳಿಗಿ ಮನಿಯವ್ರು ಮಳಿಗಾಲಕ್ಕ ಮುಂಚೆ ಮ್ಯಾಲೆ ನಾಲ್ಕು ಕೊಡ ನೀರು ಸುರುವಿ ಎಲ್ಲಿ ಸೋರ್ತೈತಿ ನೋಡ್ತಾರಲ್ಲ, ಹಂಗ ಈಗ ನಾನು ತಿಂಗಳಿಗೊಮ್ಮೆ ಬ್ಯಾಕಪ್ ಫೈಲ್ ಒಂದನ್ನ ಖಾಲಿ ಡೇಟಾಬೇಸ್‌ಗೆ ಇಂಪೋರ್ಟ್ ಮಾಡಿ ಎಣಿಸಿ ನೋಡೇ ನೋಡ್ತೀನಿ, ಮಿಲ್‌ನ್ಯಾಗ ನೀವೂ ಅಮಾವಾಸಿಗೋ ಹುಣ್ಣಿಮಿಗೋ ಒಂದು ದಿನ ಹಿಡ್ಕೊರಿ.

ಪ್ರಶ್ನೆ: ಸರ್, ನಾನು ರಾಯಚೂರಿನ ಡಿಗ್ರಿ ವಿದ್ಯಾರ್ಥಿನಿ. ನಮ್ಮ ಓಣಿ ವಾಚನಾಲಯದ ಪುಸ್ತಕದ ಪಟ್ಟಿಯನ್ನ ಮೈಎಸ್‌ಕ್ಯುಎಲ್‌ಗೆ ಹಾಕೋ ಪ್ರಾಜೆಕ್ಟ್ ಮಾಡೀನಿ. ಕಾಲೇಜ್ ಲ್ಯಾಬ್‌ನಿಂದ ಬ್ಯಾಕಪ್ ತಗದು ಮನಿಯಾಗ ಇಂಪೋರ್ಟ್ ಮಾಡಿದ್ರ ಇಂಗ್ಲಿಷ್ ಎಲ್ಲಾ ಸರಿ ಐತಿ, ಕನ್ನಡ ಇದ್ದಲ್ಲಿ ಬರೇ ಪ್ರಶ್ನಾರ್ಥಕ ಚಿಹ್ನೆ. ಕೆಲವು ಹಳೆ ಸಾಲಿನ್ಯಾಗ ವಿಚಿತ್ರ ಇಂಗ್ಲಿಷ್ ಅಕ್ಷರ ಅದಾವ. ಮತ್ತ ಎಲ್ಲಾ ಟೈಪ್ ಮಾಡ್ಬೇಕಾ?

ಉತ್ತರ: ಇಲ್ಲಮ್ಮ, ಟೈಪ್ ಮಾಡಾಕ ಕೂಡೂಕ ಮುಂಚೆ ಒಂದು ಸಣ್ಣ ಪರೀಕ್ಷೆ ಮಾಡು. ರಾಯಚೂರು ಅನ್ನೋ ಪದ ತೊಗೊ. ಕಂಪ್ಯೂಟರ್ ಲೆಕ್ಕದಾಗ ಅದರಾಗ 7 ಅಕ್ಷರ ಅದಾವ, ರ, ದೀರ್ಘ, ಯ, ಚ, ಊ ಕಾರದ ಕೊಂಬು, ರ, ಉ ಕಾರದ ಕೊಂಬು. ಅಕ್ಷರವನ್ನ ಬೈಟ್ ಮಾಡಿಡೋ ಯುಟಿಎಫ್-8 ಪದ್ಧತಿಯಾಗ ಒಂದೊಂದು ಕನ್ನಡ ಅಕ್ಷರಕ್ಕ 3 ಬೈಟ್, ಅಲ್ಲಿಗೆ 21 ಬೈಟ್. ಮೈಎಸ್‌ಕ್ಯುಎಲ್‌ನ್ಯಾಗ ಲೆಂಗ್ತ್ ಅಂತ ಕೇಳಿದ್ರ ಬೈಟ್ ಹೇಳ್ತೈತಿ, ಕ್ಯಾರ್ ಲೆಂಗ್ತ್ ಅಂತ ಕೇಳಿದ್ರ ಅಕ್ಷರ ಹೇಳ್ತೈತಿ. 21 ಮತ್ತ 7 ಬಂದ್ರ ಡೇಟಾ ಸರಿ ಐತಿ, ತೋರ್ಸೋ ಕಡೆ ಅಷ್ಟ ತಪ್ಪಾಗೈತಿ. ಎರಡೂ 21 ಬಂದ್ರ ಬೈಟ್ ಎಲ್ಲಾ ಅದಾವ, ಟೇಬಲ್ ಅವನ್ನ ಇಂಗ್ಲಿಷ್ ನಮೂನಿ ಲ್ಯಾಟಿನ್ ಅಕ್ಷರ ಅಂತ ತಿಳ್ಕೊಂಡೈತಿ, ಆ ಕಾಲಮ್‌ನ ಒಮ್ಮೆ ಬರೇ ಬೈಟ್ ಹಿಡಿಯೋ ವಾರ್‌ಬೈನರಿ ಮಾಡಿ ಆಮ್ಯಾಲೆ ಯುಟಿಎಫ್8ಎಂಬಿ4 ವಾರ್‌ಕ್ಯಾರ್ ಮಾಡಿದ್ರ ಕನ್ನಡ ಎದ್ದು ಬರ್ತೈತಿ. ಎರಡೂ 7 ಬಂದು ಏಳು ಪ್ರಶ್ನಾರ್ಥಕ ಕಂಡ್ರ ಆ ಟೇಬಲ್‌ನ್ಯಾಗ ಕನ್ನಡ ಇಲ್ಲ, ಒಂದೊಂದು ಅಕ್ಷರದ ಜಾಗಕ್ಕ ಒಂದೊಂದು ಚಿಹ್ನೆ ಕುಂತೈತಿ, ಅದರಿಂದ ವಾಪಸ್ ತರೂಕ ಆಗಂಗಿಲ್ಲ.

ಆದ್ರೂ ಗಾಬರಿ ಬ್ಯಾಡ, ಬ್ಯಾಕಪ್ ಫೈಲ್ ತಗದು ನೋಡು. ಅದರಾಗ ಕನ್ನಡ ಓದಾಕ ಬಂತಂದ್ರ ಮನಿಯಾಗಿನ ಟೇಬಲ್ ಅಳಿಸಿ, ಫೈಲ್‌ನ್ಯಾಗ ಕ್ರಿಯೇಟ್ ಟೇಬಲ್ ಸಾಲಿನ ಕೊನೀಗೆ ಚಾರ್‌ಸೆಟ್ ಲ್ಯಾಟಿನ್1 ಅಂತ ಇದ್ರ ಅದನ್ನ ಯುಟಿಎಫ್8ಎಂಬಿ4 ಮಾಡಿ ಮತ್ತ ಇಂಪೋರ್ಟ್ ಮಾಡು. ಬರೇ ಯುಟಿಎಫ್8 ಅಂತ ಬರದ್ರೂ ಕನ್ನಡ ಹಿಡೀತೈತಿ, ಮೈಎಸ್‌ಕ್ಯುಎಲ್‌ದ ಆ ಹಳೆ ಯುಟಿಎಫ್8ಗೆ 3 ಬೈಟ್‌ತನಕ ಹಿಡಿಯೋ ಶಕ್ತಿ ಐತಿ, ಯಾರರ ಇಮೋಜಿ ಹಾಕಿದ್ರ ಮಾತ್ರ 4 ಬೈಟ್ ಬೇಕು, ಹಂಗಾಗಿ ಎಂಬಿ4 ಹಾಕೋದ ಛಲೋ.

ಫೈಲ್‌ನ್ಯಾಗೂ ಕನ್ನಡ ಇಲ್ಲಂದ್ರ ಲ್ಯಾಬ್‌ನ್ಯಾಗ ಬ್ಯಾಕಪ್ ತಗಿಯೋ ಮುಂದ ತಪ್ಪಾಗೈತಿ. ನೀಲಿ ಪವರ್‌ಶೆಲ್ ಕಿಟಕಿಯಾಗ ಬಲಬಾಣ ಹಾಕಿ ತಗದಿದ್ದೇನು? ವಿಂಡೋಸ್ ಜೊತಿ ಬರೋ ಪವರ್‌ಶೆಲ್ 5.1 ಆ ಬರಹವನ್ನ ಯುಟಿಎಫ್-16 ಮಾಡಿ ಕೆಡಸ್ತೈತಿ. ಮೈಎಸ್‌ಕ್ಯುಎಲ್‌ಡಂಪ್‌ಗೆ ಬಾಣದ ಬದ್ಲಿ ಹೈಫನ್ ಹೈಫನ್ ರಿಸಲ್ಟ್ ಹೈಫನ್ ಫೈಲ್ ಅಂತ ಕೊಟ್ಟು ಮತ್ತೊಮ್ಮೆ ತಗದುಕೊಂಡು ಬಾ, ಲ್ಯಾಬ್‌ನ್ಯಾಗಿನ ಮೂಲ ಕೆಟ್ಟಿರಂಗಿಲ್ಲ.

ಆ ವಿಚಿತ್ರ ಇಂಗ್ಲಿಷ್ ಅಕ್ಷರದ ಹಳೆ ಸಾಲು ಬ್ಯಾರೆ ಕಥಿ. ಯುನಿಕೋಡ್ ಬಳಕೆಗೆ ಬರೂಕ ಮುಂಚಿನ ನುಡಿ, ಬರಹ ಫಾಂಟ್‌ನ್ಯಾಗ ಟೈಪ್ ಮಾಡಿದ ಪಟ್ಟಿ ಅವು ಇರ್ಬೇಕು. ಅಲ್ಲಿ ಇಂಗ್ಲಿಷ್ ಅಕ್ಷರದ ಜಾಗದಾಗ ಕನ್ನಡದ ಚಿತ್ರ ಕುಂದ್ರಿಸಿದ್ರು, ಫಾಂಟ್ ಇದ್ರ ಕನ್ನಡ, ಇಲ್ಲಂದ್ರ ಅರ್ಥ ಆಗದ್ದು. ಯಾವ ಇಂಪೋರ್ಟ್ ಸೆಟ್ಟಿಂಗೂ ಅದನ್ನ ಸರಿ ಮಾಡಂಗಿಲ್ಲ. ಆಸ್ಕಿಯಿಂದ ಯುನಿಕೋಡ್‌ಗೆ ಬದಲಿ ಮಾಡೋ ಕನ್ವರ್ಟರ್ ಪುಕ್ಕಟೆ ಸಿಗ್ತಾವ, ಆ ಸಾಲಷ್ಟ ಅದರಾಗ ಹಾಕಿ ತಗದು ಒತ್ತಕ್ಷರ, ಅರ್ಕಾವತ್ತು ಇದ್ದಲ್ಲಿ ಒಮ್ಮೆ ಕಣ್ಣಾಡಿಸು. ವಾಚನಾಲಯದ ಪಟ್ಟಿ ಕಂಪ್ಯೂಟರ್‌ಗೆ ಹಾಕಾಕತ್ತೀಯಲ್ಲ, ಭಾಳ ಖುಷಿ ಆತವ್ವ.

ಪ್ರಶ್ನೆ: ಬಳ್ಳಾರಿ ಕೌಲ್ ಬಜಾರ್‌ನಿಂದ, ಜೀನ್ಸ್ ಹೊಲಿಯೋ ಯೂನಿಟ್ ಐತಿ. ಆರ್ಡರ್ ಡೇಟಾಬೇಸ್‌ನ ಹೋಸ್ಟಿಂಗ್‌ಗೆ ಹಾಕಾಕ ಹೋದ್ರ ಮೊದಲನೇ ಟೇಬಲ್‌ಗೇ ಅನ್‌ನೋನ್ ಕೊಲೇಶನ್, ಯುಟಿಎಫ್8ಎಂಬಿ4 0900 ಅಂತ ಏನೋ ಬರ್ತೈತಿ.

ಉತ್ತರ: ನಿಮ್ಮ ಕಂಪ್ಯೂಟರ್‌ನ್ಯಾಗ ಮೈಎಸ್‌ಕ್ಯುಎಲ್ 8 ಐತಿ, ಹೋಸ್ಟಿಂಗ್‌ನ್ಯಾಗ 5.7 ಇಲ್ಲಾ ಮೈಎಸ್‌ಕ್ಯುಎಲ್‌ನಿಂದ ಕವಲೊಡದ ಮರಿಯಾಡಿಬಿ ಐತಿ. ಕೊಲೇಶನ್ ಅಂದ್ರ ಅಕ್ಷರ ಹೋಲಿಸಿ ಸಾಲಿಗೆ ಜೋಡಿಸೋ ನಿಯಮ, 0900 ಅನ್ನೋದು ಯುನಿಕೋಡ್ 9.0 ಪ್ರಕಾರದ್ದು, 2018ರಾಗ ಬಂದ 8.0ದಿಂದ ಅದ ಡಿಫಾಲ್ಟ್ ಆಗೈತಿ, ಹಳೇವಕ್ಕ ಅದರ ಹೆಸರೇ ಗೊತ್ತಿಲ್ಲ. ಫೈಲ್‌ದ ಒಂದು ಕಾಪಿ ಮಾಡ್ಕೊಂಡು, ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನ್ಯಾಗ ತಗದು, ಎರರ್‌ನ್ಯಾಗ ಬಂದ ಆ ಪೂರಾ ಹೆಸರನ್ನ ಎಲ್ಲಾ ಕಡೆ ಯುಟಿಎಫ್8ಎಂಬಿ4 ಅಂಡರ್‌ಸ್ಕೋರ್ ಯುನಿಕೋಡ್ ಅಂಡರ್‌ಸ್ಕೋರ್ ಸಿಐ ಅಂತ ಬದಲಿ ಮಾಡ್ರಿ, ಡೇಟಾಕ್ಕ ಏನೂ ಆಗಂಗಿಲ್ಲ. ಆಮ್ಯಾಲೆ ಡಿಫೈನರ್ ಅಂತ ಹೇಳಿ ಪರ್ಮಿಶನ್ ಎರರ್ ಬಂದ್ರ, ವ್ಯೂ ಇಲ್ಲಾ ಟ್ರಿಗರ್ ಮುಂದ ನಿಮ್ಮ ಕಂಪ್ಯೂಟರ್‌ದ ಯೂಸರ್ ಹೆಸರು ಬರದಿರ್ತೈತಿ, ಡಿಫೈನರ್ ಅನ್ನೋ ಆ ತುಂಡಷ್ಟ ತಗದು ಹಾಕ್ರಿ.

ಪ್ರಶ್ನೆ: ಕುಷ್ಟಗಿಯಿಂದ. ನಮ್ಮ ಅಂಗಡಿ ಕಂಪ್ಯೂಟರ್ ವಿಂಡೋಸ್ ಕೆಟ್ಟಾಗ ರಿಪೇರಿಯವ್ರು ಎಕ್ಸ್‌ಪೋರ್ಟ್ ಏನೂ ಮಾಡದ ಮೈಎಸ್‌ಕ್ಯುಎಲ್ ಡೇಟಾ ಫೋಲ್ಡರ್ ಒಳಗಿನ ನಮ್ಮ ಅಂಗಡಿ ಹೆಸರಿನ ಫೋಲ್ಡರ್ ಅಷ್ಟ ಕಾಪಿ ಮಾಡಿ ಕೊಟ್ಟಾರ. ಹೊಸಾದ್ರಾಗ ಇಟ್ರ ಟೇಬಲ್ ಹೆಸರು ಕಾಣ್ತಾವ, ಒತ್ತಿದ್ರ ಡಸಂಟ್ ಎಕ್ಸಿಸ್ಟ್ ಇನ್ ಎಂಜಿನ್ ಅಂತೈತಿ.

ಉತ್ತರ: ಆ ಫೋಲ್ಡರ್ ಒಂದ ಸಾಲಂಗಿಲ್ಲ. ಅದರ ಹೊರಗ, ಡೇಟಾ ಫೋಲ್ಡರ್‌ನ್ಯಾಗೇ, ಐಬಿಡೇಟಾ1 ಅಂತ ಒಂದು ಫೈಲ್ ಇರ್ತೈತಿ, ಯಾವ ಟೇಬಲ್ ಎಲ್ಲೈತಿ ಅನ್ನೋ ಖಾತೆ ಅದರಾಗ ಐತಿ. ಹಳೆ ಡಿಸ್ಕ್ ಇನ್ನೂ ಅವ್ರ ಹತ್ರ ಇದ್ರ ಇವತ್ತ ಹೋಗಿ ಡೇಟಾ ಫೋಲ್ಡರ್ ಪೂರಾ, ಐಬಿ ಲಾಗ್‌ಫೈಲ್‌ಗಳ ಸಮೇತ ಕಾಪಿ ಮಾಡಿಸ್ಕೊಂಡು ಬರ್ರಿ, ನಾಳೆ ಅಂತ ಬಿಟ್ರ ಅವ್ರು ಮತ್ತ ವಿಂಡೋಸ್ ಹಾಕಿ ಅಳಿಸಿಬಿಟ್ಟಾರು. ಆ ಪೂರಾ ಫೋಲ್ಡರನ್ನ, ಹಳೇದ್ರಾಗ ಯಾವ ವರ್ಷನ್ ಇತ್ತೋ ಅದ ವರ್ಷನ್ ಹಾಕಿದ ಬ್ಯಾರೆ ಕಂಪ್ಯೂಟರ್‌ನ್ಯಾಗ, ಮೈಎಸ್‌ಕ್ಯುಎಲ್ ಬಂದ್ ಮಾಡಿ, ಅಲ್ಲಿನ ಡೇಟಾ ಫೋಲ್ಡರ್ ಹೆಸರು ಬದಲಿ ಮಾಡಿ ಪಕ್ಕಕ್ಕಿಟ್ಟು, ಅದರ ಜಾಗಕ್ಕ ಇಟ್ಟು ಚಾಲೂ ಮಾಡ್ರಿ. ಟೇಬಲ್ ತೆರಕೊಂಡ್ವು ಅಂದ್ರ ಬ್ಯಾರೆ ಏನೂ ಮಾಡೂಕ ಮುಂಚೆ ಅಲ್ಲೇ ಮೈಎಸ್‌ಕ್ಯುಎಲ್‌ಡಂಪ್ ಓಡಿಸಿ ಎಸ್‌ಕ್ಯುಎಲ್ ಫೈಲ್ ತಗೀರಿ, ಕೊನೀ ಸಾಲು ನೋಡ್ರಿ, ಆಮ್ಯಾಲೆ ಅದನ್ನ ನಿಮ್ಮ ಕಂಪ್ಯೂಟರ್‌ನ್ಯಾಗ ಖಾಲಿ ಡೇಟಾಬೇಸ್‌ಗೆ ಗಂಗಾವತಿಯವ್ರಿಗೆ ಹೇಳ್ದಂಗ ಹಾಕ್ರಿ. ಹೊಸಾದ್ರಾಗ ಈಗ ಇಟ್ಟಿರೋ ಆ ಅರೆಬರೆ ಫೋಲ್ಡರ್ ತಗದು ಬ್ಯಾರೆ ಕಡೆ ಇಡ್ರಿ, ಅಳಿಸಬ್ಯಾಡ್ರಿ, ಹಳೆ ಡಿಸ್ಕ್ ಸಿಗಲಿಲ್ಲಂದ್ರ ಉಳಿದಿರೋ ದಾರಿಗೆ ಅದ ಬೇಕು.